ಹೊಸ ಆವೃತ್ತಿಗೆ ಹೋಗುವ ಮುನ್ನ ಹಳೆಯ ಕಡತಗಳ ವಿಚಾರ

ಮಾನ್ಯರೆ,

ಕಚೇರಿಯ ಪದಸಂಸ್ಕರಣ ತಂತ್ರಾಂಶವನ್ನು ಹೊಸ ಆವೃತ್ತಿಗೆ ಬದಲಿಸಬೇಕೇ ಬೇಡವೇ ಎಂಬ ಪ್ರಶ್ನೆ ಸಾಮಾನ್ಯವಾಗಿ ನೇರವಾಗಿ ನಮ್ಮೆದುರು ಬರುವುದಿಲ್ಲ. ಹೊರಗಿನಿಂದ ಬಂದ ಕಡತವೊಂದು ನಮ್ಮಲ್ಲಿ ತೆರೆಯದೆ ಹೋದಾಗ, ನಾವು ಕಳುಹಿಸಿದ ವರದಿಯ ಪುಟಗಳು ಅಲ್ಲಿ ಚೆದುರಿಹೋಗಿವೆಯೆಂಬ ದೂರು ಬಂದಾಗ, ಇಲ್ಲವೇ ಹೊಸದಾಗಿ ಕೊಂಡ ಕಂಪ್ಯೂಟರುಗಳಲ್ಲಿ ಒಂದು ಆವೃತ್ತಿಯೂ ಹಳೆಯವುಗಳಲ್ಲಿ ಇನ್ನೊಂದೂ ಇದೆಯೆಂದು ಯಾರೋ ಗಮನಿಸಿದಾಗ ಅದು ತಲೆಯೆತ್ತುತ್ತದೆ. ಆಮೇಲೆ ನಡೆಯುವ ಚರ್ಚೆ ಹೊಸದರಲ್ಲಿ ಏನೇನು ಸೌಲಭ್ಯಗಳಿವೆ, ಅದಕ್ಕೆ ಎಷ್ಟು ಖರ್ಚಾಗುತ್ತದೆ ಎಂಬ ಎರಡು ಮಾತುಗಳಲ್ಲೇ ಮುಗಿದುಹೋಗುವುದನ್ನು ನಾನು ಅನೇಕ ಸಲ ನೋಡಿದ್ದೇನೆ. ವರ್ಷಗಟ್ಟಲೆ ಬರೆದು, ತಿದ್ದಿ, ಕೂಡಿಟ್ಟ ಸಾವಿರಾರು ಕಡತಗಳು ಆ ಚರ್ಚೆಯಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ. ಕಚೇರಿಯ ಆಸ್ತಿ ಇರುವುದು ಮಾತ್ರ ಅವುಗಳಲ್ಲೇ.

ನಾನು ಇಂದು ನಿಮ್ಮ ಮುಂದೆ ಇಡಬಯಸುವ ವಿಚಾರ ಒಂದೇ. ತಂತ್ರಾಂಶವನ್ನು ಬದಲಿಸುವ ತೀರ್ಮಾನ ಬೇರೆ, ಕಡತಗಳ ಫಾರ್ಮ್ಯಾಟನ್ನು, ಅಂದರೆ ಕಡತದೊಳಗೆ ಬರಹವನ್ನು ಬರೆದಿಡುವ ಕ್ರಮವನ್ನು, ಬದಲಿಸುವ ತೀರ್ಮಾನ ಬೇರೆ. ಹೊಸ ತಂತ್ರಾಂಶವನ್ನು ಹಾಕಿಕೊಂಡೂ ಹಳೆಯ ಫಾರ್ಮ್ಯಾಟಿನಲ್ಲಿ ಕೆಲಸ ಮುಂದುವರಿಸಬಹುದು. ಹಳೆಯ ತಂತ್ರಾಂಶದಲ್ಲೇ ಉಳಿದು ಹೊಸ ಫಾರ್ಮ್ಯಾಟಿನ ಕಡತಗಳನ್ನು ಒಂದು ಮಿತಿಯವರೆಗೆ ಓದಲೂಬಹುದು. ಈ ಎರಡನ್ನೂ ಒಂದೇ ದಿನ ಒಂದೇ ಆದೇಶದಲ್ಲಿ ತೀರ್ಮಾನಿಸಿಬಿಟ್ಟಾಗಲೇ ಹೆಚ್ಚಿನ ತೊಂದರೆಗಳು ಹುಟ್ಟುತ್ತವೆ.

ಇದು ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ನೋಡಬೇಕಾಗುತ್ತದೆ. ಮೈಕ್ರೋಸಾಫ್ಟ್ ವರ್ಡ್ 97 ಬಂದಾಗ ಕಡತದ ಹೆಸರಿನ ಕೊನೆಯಲ್ಲಿರುವ ಡಾಕ್ ಎಂಬ ಗುರುತು ಹಾಗೆಯೇ ಉಳಿಯಿತು, ಆದರೆ ಒಳಗಿನ ರಚನೆ ಬದಲಾಯಿತು. ವರ್ಡ್ 95 ಇಟ್ಟುಕೊಂಡಿದ್ದವರಿಗೆ, ಹೆಸರು ನೋಡಿದರೆ ಪರಿಚಿತವಾಗಿಯೇ ಕಾಣುವ ಕಡತವನ್ನು ಪ್ರತ್ಯೇಕ ಪರಿವರ್ತಕವಿಲ್ಲದೆ ಓದಲಾಗಲಿಲ್ಲ. ಹಳೆಯ ಆವೃತ್ತಿಯವರಿಗಾಗಿ ಕಡತವನ್ನು ಹಿಂದಿನ ಫಾರ್ಮ್ಯಾಟಿನಲ್ಲಿ ಸೇವ್ ಮಾಡುವ ಆಯ್ಕೆಯೇನೋ ಇತ್ತು. ಆದರೆ ಮೊದಲ ಬಿಡುಗಡೆಯಲ್ಲಿ ಆ ಆಯ್ಕೆಯಿಂದ ಸಿಗುತ್ತಿದ್ದುದು ಡಾಕ್ ಎಂಬ ಹೆಸರು ಹೊತ್ತ, ಆರ್‌ಟಿಎಫ್ ಎಂಬ ಬೇರೊಂದು ಫಾರ್ಮ್ಯಾಟಿನ ಕಡತ. ಅನಂತರ 2000, 2002 ಮತ್ತು 2003ರ ಆವೃತ್ತಿಗಳು ಅದೇ ಡಾಕ್ ಫಾರ್ಮ್ಯಾಟನ್ನು ಉಳಿಸಿಕೊಂಡದ್ದರಿಂದ ಸುಮಾರು ಹತ್ತು ವರ್ಷ ಕಚೇರಿಗಳಿಗೆ ನೆಮ್ಮದಿಯಿತ್ತು. 2007ರ ಆವೃತ್ತಿ ಡಾಕ್ಸ್ ಎಂಬ ಹೊಸ ಫಾರ್ಮ್ಯಾಟನ್ನು ಮುಂದಿಟ್ಟಾಗ ಆ ನೆಮ್ಮದಿ ಮುಗಿಯಿತು. ಹಳೆಯ ಆವೃತ್ತಿಯವರಿಗಾಗಿ ಕಂಪ್ಯಾಟಿಬಿಲಿಟಿ ಪ್ಯಾಕ್ ಎಂಬ ಪೂರಕವನ್ನು ಉಚಿತವಾಗಿ ಕೊಡಲಾಯಿತು. 2018ರಲ್ಲಿ ಅದನ್ನೂ ಹಿಂತೆಗೆದುಕೊಳ್ಳಲಾಯಿತು.

ಆವೃತ್ತಿ ಬದಲಾದಾಗಲೆಲ್ಲ ಫಾರ್ಮ್ಯಾಟ್ ಬದಲಾಗಲೇಬೇಕೆಂಬ ನಿಯಮವೇನೂ ಇಲ್ಲ. ವರ್ಡ್‌ಪರ್ಫೆಕ್ಟ್ ಎಂಬ ಇನ್ನೊಂದು ಪದಸಂಸ್ಕರಣ ತಂತ್ರಾಂಶ 1993ರ ತನ್ನ 6ನೆಯ ಆವೃತ್ತಿಯಲ್ಲಿ ರೂಪಿಸಿದ ಕಡತ ರಚನೆಯನ್ನು ಮುಂದಿನ ಆವೃತ್ತಿಗಳಲ್ಲೂ ಉಳಿಸಿಕೊಂಡು ಬಂದಿತು. ತನಗೆ ಗೊತ್ತಿಲ್ಲದ ಸಂಕೇತ ಎದುರಾದರೆ ಅದನ್ನು ಬದಿಗಿಟ್ಟು ಉಳಿದುದನ್ನು ಓದುವ ಪದ್ಧತಿಯನ್ನು ಆ ರಚನೆಯಲ್ಲೇ ಅಳವಡಿಸಲಾಗಿತ್ತು. ಹೊಂದಾಣಿಕೆ ಎನ್ನುವುದು ಫಾರ್ಮ್ಯಾಟನ್ನು ರೂಪಿಸುವಾಗಲೇ ಮಾಡಿಡಬೇಕಾದ ಏರ್ಪಾಡು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಹೊಂದಾಣಿಕೆಗೆ ಎರಡು ದಿಕ್ಕುಗಳಿವೆ. ಹೊಸ ತಂತ್ರಾಂಶ ಹಳೆಯ ಕಡತವನ್ನು ಓದುವುದು ಒಂದು. ಇದನ್ನು ತಯಾರಕರು ಪರೀಕ್ಷಿಸಬಲ್ಲರು, ಏಕೆಂದರೆ ಹಳೆಯ ಕಡತಗಳು ಅವರ ಕಣ್ಣೆದುರೇ ಇರುತ್ತವೆ. ಹಳೆಯ ತಂತ್ರಾಂಶ ಹೊಸ ಕಡತವನ್ನು ಓದುವುದು ಇನ್ನೊಂದು. ಹತ್ತು ವರ್ಷಗಳ ಹಿಂದೆ ಬರೆದು ಮುಗಿಸಿದ ತಂತ್ರಾಂಶಕ್ಕೆ ಇಂದು ಹುಟ್ಟಿದ ಸೌಲಭ್ಯದ ಅರಿವು ಇರಲು ಸಾಧ್ಯವಿಲ್ಲ. ಆದ್ದರಿಂದ ಒಂದು ಕಚೇರಿ ಆವೃತ್ತಿ ಬದಲಿಸಿದರೆ ಅದರ ಭಾರ ಬೀಳುವುದು ಬಹುಪಾಲು ಬದಲಿಸದೆ ಉಳಿದವರ ಮೇಲೆ. ಡಾಕ್ಸ್ ಫಾರ್ಮ್ಯಾಟಿನಲ್ಲಿ ಈ ಭಾರವನ್ನು ತಗ್ಗಿಸುವ ಒಂದು ಉಪಾಯವಿದೆಯೆಂಬುದನ್ನು ಇಲ್ಲಿ ಹೇಳಬೇಕು. ವರ್ಡ್ 2010 ಅಥವಾ ಅದಕ್ಕೂ ಹೊಸ ಆವೃತ್ತಿಯಲ್ಲಿ ನೀವು ಒಂದು ಪಠ್ಯಚೌಕವನ್ನು ಸೇರಿಸಿದರೆ, ಕಡತದೊಳಗೆ ಅದು ಎರಡು ರೀತಿಯಲ್ಲಿ ಬರೆಯಲ್ಪಡುತ್ತದೆ. ಹೊಸ ತಂತ್ರಾಂಶ ಓದಲೆಂದು ಹೊಸ ಬಗೆಯ ವಿವರಣೆ, ಅದು ತಿಳಿಯದ ತಂತ್ರಾಂಶಕ್ಕೆ ಹಳೆಯ ಬಗೆಯ ಬದಲಿ ವಿವರಣೆ. ಡಾಕ್ಸ್ ಕಡತವೆಂದರೆ ಜಿಪ್ ಮಾಡಿ (ಒತ್ತಿ ಒಂದಾಗಿಸಿ) ಕಟ್ಟಿಟ್ಟ, ಎಕ್ಸ್‌ಎಂಎಲ್ ಎಂಬ ಗುರುತುಗಳುಳ್ಳ ಪಠ್ಯ ಕಡತಗಳ ಗಂಟು ಆಗಿರುವುದರಿಂದ, ಒಂದು ಪ್ರತಿ ಮಾಡಿ ಹೆಸರಿನ ಕೊನೆಯನ್ನು ಜಿಪ್ ಎಂದು ಬದಲಿಸಿ ಬಿಚ್ಚಿದರೆ ಈ ಎರಡೂ ವಿವರಣೆಗಳನ್ನು ಯಾರು ಬೇಕಾದರೂ ಕಣ್ಣಾರೆ ನೋಡಬಹುದು. ಆಸಕ್ತರು ಒಮ್ಮೆ ಮಾಡಿ ನೋಡಬೇಕೆಂದು ನನ್ನ ಕೋರಿಕೆ. ಫಾರ್ಮ್ಯಾಟಿನ ಬಗೆಗಿರುವ ಅರ್ಧ ಭಯ ಅದರಿಂದಲೇ ಹೋಗುತ್ತದೆ.

‘ಕಡತ ತೆರೆಯುತ್ತದೆ’ ಎಂಬ ಮಾತಿನ ಬಗ್ಗೆ ನಾವು ಬಹಳ ಎಚ್ಚರದಿಂದಿರಬೇಕು. ಕಡತ ತೆರೆಯುವುದು, ಅದರ ಪುಟಗಳು ಮೊದಲಿದ್ದ ಹಾಗೆಯೇ ಕಾಣುವುದು, ಅದನ್ನು ತಿದ್ದಲು ಬರುವುದು, ತಿದ್ದಿ ಹಿಂದಕ್ಕೆ ಕಳುಹಿಸಿದಾಗ ಮೊದಲಿನವರ ಕೆಲಸ ಅಳಿಯದೆ ಉಳಿದಿರುವುದು, ಇವು ಬೇರೆ ಬೇರೆ ಮಟ್ಟಗಳು. ಕೊನೆಯದೇ ಎಲ್ಲಕ್ಕಿಂತ ಕಠಿಣ, ಮತ್ತು ಕಚೇರಿಗಳಲ್ಲಿ ಯಾರೂ ಪರೀಕ್ಷಿಸದೆ ಬಿಡುವುದೂ ಅದನ್ನೇ. ಡಾಕ್ಸ್ ಕಡತವನ್ನು ಹಳೆಯ ಡಾಕ್ ಫಾರ್ಮ್ಯಾಟಿಗೆ ಇಳಿಸಿದರೆ ಅಕ್ಷರಗಳಾವುವೂ ಕಳೆದುಹೋಗುವುದಿಲ್ಲ. ಆದರೆ ಅವುಗಳ ಹಿಂದಿದ್ದ ಸಂಬಂಧಗಳು ಕಡಿಯುತ್ತವೆ. ಸಮೀಕರಣಗಳು ತಿದ್ದಲಾಗದ ಚಿತ್ರಗಳಾಗುತ್ತವೆ. ಕಡತವನ್ನು ಮತ್ತೆ ಹೊಸ ಫಾರ್ಮ್ಯಾಟಿಗೆ ತರುವವರೆಗೆ ಅವು ಹಾಗೆಯೇ ಇರುತ್ತವೆ. ಉಲ್ಲೇಖಗಳು ಮತ್ತು ಗ್ರಂಥಸೂಚಿ ಬರಿಯ ಪಠ್ಯವಾಗುತ್ತವೆ. ನಮೂನೆ ತುಂಬಿಸಲು ಇಟ್ಟ ಪಟ್ಟಿಗಳು, ದಿನಾಂಕದ ಚೌಕಗಳು ಸ್ಥಿರ ಪಠ್ಯವಾಗಿಬಿಡುತ್ತವೆ. ತಿದ್ದುಪಡಿಗಳ ಜಾಡಿನಲ್ಲಿ ‘ಈ ಪ್ಯಾರಾವನ್ನು ಅಲ್ಲಿಂದ ಇಲ್ಲಿಗೆ ಸರಿಸಲಾಗಿದೆ’ ಎಂದು ದಾಖಲಾಗಿದ್ದುದು, ‘ಅಲ್ಲಿ ಅಳಿಸಲಾಗಿದೆ, ಇಲ್ಲಿ ಸೇರಿಸಲಾಗಿದೆ’ ಎಂದು ಒಡೆದುಹೋಗುತ್ತದೆ.

ಇದು ನನಗೆ ಅನುಭವದಿಂದ ತಿಳಿದ ವಿಷಯ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ ಒಂದು ತಾಂತ್ರಿಕ ಕೈಪಿಡಿಯನ್ನು ಆರು ಮಂದಿ ಸೇರಿ ಬರೆಯುತ್ತಿದ್ದೆವು. ಐವರಲ್ಲಿ ಹೊಸ ಆವೃತ್ತಿ ಇತ್ತು, ಒಬ್ಬರಲ್ಲಿ ಹಳೆಯದು. ಅವರ ಅನುಕೂಲಕ್ಕಾಗಿ ಒಂದು ಸಂಜೆ ಕಡತವನ್ನು ಹಳೆಯ ಫಾರ್ಮ್ಯಾಟಿನಲ್ಲಿ ಸೇವ್ ಮಾಡಿ ಕಳುಹಿಸಿದೆವು, ಅವರು ತಿದ್ದಿ ಹಿಂದಿರುಗಿಸಿದ ಪ್ರತಿಯ ಮೇಲೆಯೇ ಕೆಲಸ ಮುಂದುವರಿಸಿದೆವು. ಮೂರು ವಾರಗಳ ನಂತರ ಎರಡನೆಯ ಅಧ್ಯಾಯಕ್ಕೆ ಒಂದು ಹೊಸ ಆಧಾರವನ್ನು ಸೇರಿಸಿದಾಗ ಮುಂದಿನ ಉಲ್ಲೇಖ ಸಂಖ್ಯೆಗಳು ಒಂದೂ ಬದಲಾಗಲಿಲ್ಲ. ಆ ಸಂಜೆಯೇ ಅವೆಲ್ಲ ನಿರ್ಜೀವ ಅಂಕಿಗಳಾಗಿದ್ದವು. ನೂರಕ್ಕೂ ಹೆಚ್ಚು ಉಲ್ಲೇಖಗಳನ್ನು ಕೈಯಿಂದಲೇ ಎಣಿಸಿ ಸರಿಪಡಿಸಬೇಕಾಯಿತು. ಸೇವ್ ಮಾಡುವಾಗ ತಂತ್ರಾಂಶ ಎಚ್ಚರಿಕೆಯನ್ನು ತೋರಿಸಿಯೇ ಇತ್ತು. ಅದನ್ನು ಓದದೆ ಮುಂದುವರಿದವರು ನಾವು. ಅಂದಿನಿಂದ ಆ ಎಚ್ಚರಿಕೆಯ ಪಟ್ಟಿಯನ್ನು ಒಂದೊಂದು ಸಾಲೂ ಬಿಡದೆ ಓದುತ್ತೇನೆ, ಇತರರಿಗೂ ಓದಿಸುತ್ತೇನೆ.

ಪುಟಗಳು ಚೆದುರುವುದಕ್ಕೆ ಮಾತ್ರ ಹಲವು ಸಲ ಕಾರಣ ಫಾರ್ಮ್ಯಾಟೂ ಅಲ್ಲ, ಆವೃತ್ತಿಯೂ ಅಲ್ಲ, ಫಾಂಟ್. ವರ್ಡ್‌ನ ಸಹಜ ಫಾಂಟ್, ಅಂದರೆ ನಾವು ಬೇರೆ ಆರಿಸದಿದ್ದರೆ ತಾನಾಗಿಯೇ ಬರುವ ಅಕ್ಷರವಿನ್ಯಾಸ, ಮೊದಲು ಟೈಮ್ಸ್ ನ್ಯೂ ರೋಮನ್ ಆಗಿತ್ತು. 2007ರಲ್ಲಿ ಕ್ಯಾಲಿಬ್ರಿ ಆಯಿತು. ಇತ್ತೀಚಿನ ಚಂದಾ ಆವೃತ್ತಿಗಳಲ್ಲಿ ಆಪ್ಟೋಸ್ ಆಗಿದೆ. ಆಪ್ಟೋಸ್‌ನಲ್ಲಿ ಬರೆದ ಕಡತ ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಹೋದಾಗ ಅದರ ಜಾಗದಲ್ಲಿ ಬೇರೊಂದು ಫಾಂಟ್ ಬಂದು ಕೂರುತ್ತದೆ. ಅಕ್ಷರಗಳ ಅಗಲ ಕೂದಲೆಳೆಯಷ್ಟು ಬೇರೆಯಾದರೂ ಸಾಲು ಮುರಿಯುವ ಜಾಗ ಬದಲಾಗುತ್ತದೆ, ಸಾಲು ಬದಲಾದರೆ ಪುಟ, ಪುಟ ಬದಲಾದರೆ ಪರಿವಿಡಿ. ‘12ನೆಯ ಪುಟದ ಮೂರನೆಯ ಷರತ್ತು’ ಎಂದು ಪತ್ರದಲ್ಲಿ ಬರೆದಿದ್ದರೆ ಅದು ಇನ್ನೊಬ್ಬರಲ್ಲಿ 13ನೆಯ ಪುಟದಲ್ಲಿರುತ್ತದೆ. ಲಿಬ್ರೆಆಫೀಸ್ ಎಂಬ ಉಚಿತ ಕಚೇರಿ ತಂತ್ರಾಂಶವನ್ನು ಬಳಸುವವರಿಗಾಗಿ ಕ್ಯಾಲಿಬ್ರಿಯಷ್ಟೇ ಅಗಲದ ಕಾರ್ಲಿಟೊ, ಕೇಂಬ್ರಿಯಾದಷ್ಟೇ ಅಗಲದ ಕ್ಯಾಲಡಿಯಾ, ಟೈಮ್ಸ್ ಮತ್ತು ಏರಿಯಲ್‌ಗಳಿಗೆ ಸಮನಾದ ಲಿಬರೇಶನ್ ಫಾಂಟುಗಳು ಉಚಿತವಾಗಿ ಸಿಗುತ್ತವೆ. ಅಕ್ಷರದ ಚೆಲುವಿಗಿಂತ ಅಗಲದ ಸಮಾನತೆಯೇ ಇಲ್ಲಿ ಮುಖ್ಯ. ಕಚೇರಿಯ ಮಾದರಿ ಪತ್ರಗಳಲ್ಲಿ ಯಾವ ಫಾಂಟ್ ಇರಬೇಕೆಂದು ನಿಗದಿ ಮಾಡಿಬಿಟ್ಟರೆ, ಹೊಸ ಆವೃತ್ತಿ ತನ್ನ ಸಹಜ ಫಾಂಟನ್ನು ಬದಲಿಸಿದರೂ ನಮಗೆ ಅದರ ಬಿಸಿ ತಟ್ಟುವುದಿಲ್ಲ.

ಒತ್ತಕ್ಷರ, ಗುಣಿತಾಕ್ಷರಗಳಿರುವ ಲಿಪಿಗಳಲ್ಲಿ ಇನ್ನೊಂದು ಪದರವಿದೆ. ಅಕ್ಷರಗಳನ್ನು ಜೋಡಿಸಿ ತೆರೆಯ ಮೇಲೆ ಮೂಡಿಸುವ ಒಳಭಾಗವು ತಂತ್ರಾಂಶದಿಂದ ತಂತ್ರಾಂಶಕ್ಕೆ ಬೇರೆ; ಲಿಬ್ರೆಆಫೀಸ್ 2017ರ ತನ್ನ 5.3ನೆಯ ಆವೃತ್ತಿಯಿಂದ ಎಲ್ಲ ಕಾರ್ಯವ್ಯವಸ್ಥೆಗಳಲ್ಲೂ ಹಾರ್ಫ್‌ಬಜ್ ಎಂಬುದನ್ನು ಬಳಸುತ್ತದೆ, ವಿಂಡೋಸ್‌ನಲ್ಲಿ ವರ್ಡ್ ಬಳಸುವುದು ಬೇರೆ. ಹಾಗಾಗಿ ಫಾಂಟ್ ಒಂದೇ ಆಗಿದ್ದರೂ ಸಾಲಿನ ಅಳತೆಯಲ್ಲಿ ವ್ಯತ್ಯಾಸ ಬರಬಹುದು. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್ ಮಾನಕಕ್ಕೆ ಮುಂಚಿನ, ಫಾಂಟನ್ನೇ ನಂಬಿ ಬರೆದ ಹಳೆಯ ಕಡತಗಳಾದರೆ ಆ ಫಾಂಟ್ ಇಲ್ಲದೆ ಓದಲಿಕ್ಕೇ ಬರುವುದಿಲ್ಲ. ಅಂಥ ಕಡತಗಳಿರುವವರು ಆವೃತ್ತಿಯ ಯೋಚನೆಗೆ ಮುನ್ನ ಆ ಫಾಂಟುಗಳ ಪ್ರತಿಗಳನ್ನು ಭದ್ರಪಡಿಸಿಕೊಳ್ಳಬೇಕು.

ಇನ್ನು, ಯಾವ ಆವೃತ್ತಿಯಿಂದ ಯಾವ ಆವೃತ್ತಿಗೆ ಎಂಬ ಲೆಕ್ಕ. ಎಲ್ಲ ನೆಗೆತಗಳೂ ಒಂದೇ ಎತ್ತರದವಲ್ಲ. ಪ್ರತಿಯೊಂದು ಡಾಕ್ಸ್ ಕಡತದೊಳಗೂ ಅದು ಯಾವ ಕಾಲದ ಪುಟವಿನ್ಯಾಸ ನಿಯಮಗಳನ್ನು ಅನುಸರಿಸಬೇಕೆಂಬ ಒಂದು ಸಂಖ್ಯೆ ಇರಬಹುದು. 2007ಕ್ಕೆ 12, 2010ಕ್ಕೆ 14, 2013ಕ್ಕೆ 15. ಅದರ ಮುಂದಿನ 2016, 2019, 2021ರ ಆವೃತ್ತಿಗಳೂ 15ನ್ನೇ ಉಳಿಸಿಕೊಂಡಿವೆ. ಅಂದರೆ 2013 ಅಥವಾ 2016ರಲ್ಲಿರುವ ಕಚೇರಿ ಹೊಸದಕ್ಕೆ ಹೋದರೆ ಕಡತಗಳ ದೃಷ್ಟಿಯಿಂದ ದಾಟಬೇಕಾದ ಹೊಳೆ ಕಿರಿದು. 2003ರಿಂದ ಹೋಗುವವರಿಗೆ ಅದು ನಿಜಕ್ಕೂ ದೊಡ್ಡದು. ಹಳೆಯ ಸಂಖ್ಯೆಯ ಕಡತವನ್ನು ಹೊಸ ಆವೃತ್ತಿಯಲ್ಲಿ ತೆರೆದರೆ ಮೇಲಿನ ಪಟ್ಟಿಯಲ್ಲಿ ಕಂಪ್ಯಾಟಿಬಿಲಿಟಿ ಮೋಡ್ ಎಂದು ಕಾಣಿಸುತ್ತದೆ. ಅದನ್ನು ಕಂಡ ಕೂಡಲೆ ಏನೋ ಕೆಟ್ಟಿದೆಯೆಂದುಕೊಂಡು ಕನ್ವರ್ಟ್ ಒತ್ತುವವರಿದ್ದಾರೆ. ಆ ಸೂಚನೆಯ ಅರ್ಥ, ತಂತ್ರಾಂಶವು ನಿಮ್ಮ ಹಳೆಯ ಪುಟವಿನ್ಯಾಸವನ್ನು ಕಾಪಾಡುತ್ತಿದೆ ಎಂದು. ಹೊಸ ಸೌಲಭ್ಯವೊಂದು ಆ ಕಡತಕ್ಕೇ ಬೇಕಾಗುವ ತನಕ ಅದನ್ನು ಹಾಗೆಯೇ ಬಿಡುವುದು ಒಳ್ಳೆಯದು.

ಮುಕ್ತ ಮಾನಕಗಳ, ಅಂದರೆ ಯಾರು ಬೇಕಾದರೂ ಓದಿ ಬಳಸಬಹುದಾದ ಫಾರ್ಮ್ಯಾಟ್ ವಿವರಣೆಗಳ, ಬಗ್ಗೆ ಎರಡು ಮಾತು. ಲಿಬ್ರೆಆಫೀಸ್ ಸಹಜವಾಗಿ ಬಳಸುವ ಒಡಿಎಫ್ ಫಾರ್ಮ್ಯಾಟ್ 2005ರಲ್ಲಿ ಓಯಸಿಸ್ ಎಂಬ ಮಾನಕ ಸಂಸ್ಥೆಯ ಮಾನಕವಾಗಿ, 2006ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಐಎಸ್‌ಒ 26300 ಆಗಿ ಬಂದಿತು. ಡಾಕ್ಸ್ ಒಳಗೊಂಡ ಆಫೀಸ್ ಓಪನ್ ಎಕ್ಸ್‌ಎಂಎಲ್ 2006ರ ಡಿಸೆಂಬರಿನಲ್ಲಿ ಎಕ್ಮಾ ಎಂಬ ಇನ್ನೊಂದು ಮಾನಕ ಸಂಸ್ಥೆಯ ಎಕ್ಮಾ-376 ಆಗಿ, 2008ರಲ್ಲಿ ಐಎಸ್‌ಒ 29500 ಆಗಿ ಅಂಗೀಕಾರವಾಯಿತು. ಅದರ ವಿವರಣೆ ಸುಮಾರು 6000 ಪುಟಗಳಷ್ಟಿತ್ತು. ಮಾನಕವಿದೆ ಎಂಬುದರಿಂದ ಕಡತವನ್ನು ಮುಂದೊಂದು ದಿನ ಓದಲು ಬೇಕಾದ ದಾರಿ ತೆರೆದಿರುತ್ತದೆ, ಇದು ಸಣ್ಣ ಮಾತಲ್ಲ. ಆದರೆ ಇಬ್ಬರು ಒಂದೇ ಮಾನಕವನ್ನು ಪಾಲಿಸಿದ ಮಾತ್ರಕ್ಕೆ ಎರಡೂ ಕಡೆ ಪುಟಗಳು ಒಂದೇ ರೀತಿ ಕಾಣುತ್ತವೆಯೆಂದಲ್ಲ. 29500ರಲ್ಲೇ ಸ್ಟ್ರಿಕ್ಟ್ ಮತ್ತು ಟ್ರಾನ್ಸಿಶನಲ್ ಎಂಬ ಎರಡು ಬಗೆಗಳಿವೆ. ವರ್ಡ್ ಸಹಜವಾಗಿ ಬರೆಯುವುದು ಹಳೆಯ ನಡವಳಿಕೆಗಳನ್ನೂ ಹೊತ್ತು ಸಾಗುವ ಟ್ರಾನ್ಸಿಶನಲ್ ಬಗೆಯನ್ನು.

ಮ್ಯಾಕ್ರೊಗಳು, ಅಂದರೆ ಕಡತದೊಳಗೇ ಇದ್ದು ಕೆಲಸಗಳನ್ನು ತಾವಾಗಿಯೇ ಮಾಡುವ ಸಣ್ಣ ಕ್ರಮವಿಧಿಗಳು, ಇರುವ ಕಚೇರಿಗಳು ಇನ್ನಷ್ಟು ನಿಧಾನವಾಗಿ ಹೆಜ್ಜೆಯಿಡಬೇಕು. ಹಳೆಯ ಆವೃತ್ತಿ 32 ಬಿಟ್‌ನದ್ದಾಗಿದ್ದು ಹೊಸದು 64 ಬಿಟ್‌ನದ್ದಾದರೆ, ವಿಂಡೋಸ್‌ನ ಒಳಗಿನ ಸೇವೆಗಳನ್ನು ನೇರವಾಗಿ ಕರೆಯುವ ಮ್ಯಾಕ್ರೊಗಳ ಘೋಷಣೆಗಳನ್ನು ತಿದ್ದದೆ ಅವು ನಡೆಯುವುದಿಲ್ಲ. 32 ಬಿಟ್‌ಗಾಗಿ ಕಟ್ಟಿದ ಪೂರಕಗಳೂ ಅಷ್ಟೆ. 2022ರಿಂದ ಅಂತರ್ಜಾಲದಿಂದ ಬಂದ ಕಡತಗಳ ಮ್ಯಾಕ್ರೊಗಳನ್ನು ಹೊಸ ಆವೃತ್ತಿಗಳು ತಾವಾಗಿಯೇ ತಡೆಯುತ್ತವೆ. 1999ರಲ್ಲಿ ಮೆಲಿಸ್ಸಾ ಎಂಬ ಮ್ಯಾಕ್ರೊ ವೈರಸ್ ವರ್ಡ್ ಕಡತದ ಮೂಲಕ ಹರಡಿದುದನ್ನು ನೆನೆದರೆ ಈ ತಡೆ ಸರಿಯಾದದ್ದೇ.

ಇಷ್ಟೆಲ್ಲ ಕೇಳಿದ ಮೇಲೆ ‘ಹಾಗಾದರೆ ಹಳೆಯದರಲ್ಲೇ ಇದ್ದುಬಿಡೋಣ’ ಎಂದು ಯಾರಿಗಾದರೂ ಅನ್ನಿಸಬಹುದು. ಅದಕ್ಕೂ ಒಂದು ಗಡಿಯಿದೆ, ಆ ಗಡಿಯನ್ನು ಹಾಕುವುದು ಭದ್ರತೆ. ವರ್ಡ್ ಒಳಗೊಂಡ ಆಫೀಸ್ 2003ಕ್ಕೆ ತಯಾರಕರ ಬೆಂಬಲ 2014ರ ಏಪ್ರಿಲ್ 8ಕ್ಕೆ ನಿಂತಿತು. 2007ಕ್ಕೆ 2017ರ ಅಕ್ಟೋಬರ್ 10ಕ್ಕೆ, 2010ಕ್ಕೆ 2020ರ ಅಕ್ಟೋಬರ್ 13ಕ್ಕೆ, 2013ಕ್ಕೆ 2023ರ ಏಪ್ರಿಲ್ 11ಕ್ಕೆ, 2016 ಮತ್ತು 2019 ಎರಡಕ್ಕೂ 2025ರ ಅಕ್ಟೋಬರ್ 14ಕ್ಕೆ. ಬೆಂಬಲ ನಿಂತ ಮೇಲೆ ತಂತ್ರಾಂಶ ಎಂದಿನಂತೆ ತೆರೆಯುತ್ತದೆ, ಎಂದಿನಂತೆ ಮುದ್ರಿಸುತ್ತದೆ. ಹೊಸದಾಗಿ ಪತ್ತೆಯಾದ ದೋಷಗಳಿಗೆ ತೇಪೆ ಮಾತ್ರ ಬರುವುದಿಲ್ಲ. ಹೊರಗಿನವರ ಕಡತಗಳನ್ನು ದಿನವೂ ತೆರೆಯುವ ಕಚೇರಿಗೆ ಇದು ಗಂಭೀರ ವಿಷಯ. ವರ್ಡ್‌ನ ಹಳೆಯ ಸಮೀಕರಣ ಸಂಪಾದಕದ ಕಥೆಯನ್ನೇ ನೋಡಿ. 2000ದಲ್ಲಿ ಸಿದ್ಧಪಡಿಸಿದ ಆ ಸಣ್ಣ ತಂತ್ರಾಂಶದಲ್ಲಿದ್ದ ಗಂಭೀರ ದೋಷವೊಂದು ಬೆಳಕಿಗೆ ಬಂದದ್ದು 2017ರ ನವೆಂಬರಿನಲ್ಲಿ. 2018ರ ಜನವರಿಯ ಭದ್ರತಾ ಪರಿಷ್ಕರಣೆಯಲ್ಲಿ ಅದನ್ನು ಪೂರ್ತಿಯಾಗಿ ತೆಗೆದೇಹಾಕಲಾಯಿತು. ಅದರಲ್ಲಿ ಬರೆದ ಸಮೀಕರಣಗಳು ಕಾಣುತ್ತಿದ್ದವು, ಆದರೆ ಅದೇ ಸಂಪಾದಕದಲ್ಲಿ ತಿದ್ದಲು ಬರುತ್ತಿರಲಿಲ್ಲ. ಯಾರೂ ಆವೃತ್ತಿ ಬದಲಿಸಿರಲಿಲ್ಲ, ಆದರೂ ಕಡತದೊಂದಿಗಿನ ಹೊಂದಾಣಿಕೆ ಬದಲಾಯಿತು. ಇದ್ದಲ್ಲೇ ಇದ್ದರೆ ಎಲ್ಲವೂ ಇದ್ದ ಹಾಗೆಯೇ ಇರುತ್ತದೆ ಎಂಬ ನಂಬಿಕೆ ಎಷ್ಟು ದುರ್ಬಲವೆಂಬುದನ್ನು ನನಗೆ ಕಲಿಸಿದ ಪ್ರಸಂಗವಿದು.

ಆದ್ದರಿಂದ ನನ್ನ ಸಲಹೆ ಹೀಗಿದೆ. ನಿಮ್ಮ ಆವೃತ್ತಿಯ ಬೆಂಬಲ ಮುಗಿಯುವ ದಿನಾಂಕವನ್ನು ಮೊದಲು ತಿಳಿದುಕೊಳ್ಳಿ. ಅದು ತಡಮಾಡಬಹುದಾದ ಕೊನೆಯ ಗಡುವು. ಅದಕ್ಕೆ ವರ್ಷವೊಂದಿರುವಾಗಲೇ ಪರೀಕ್ಷೆ ಶುರು ಮಾಡಿ. ಪರೀಕ್ಷೆಗೆ ಒಂದು ಪುಟದ ಪತ್ರಗಳನ್ನು ಆರಿಸಬೇಡಿ, ಅವು ಎಲ್ಲಿ ಬೇಕಾದರೂ ತೆರೆಯುತ್ತವೆ. ಕಚೇರಿಯಲ್ಲಿ ಎಲ್ಲರೂ ಮುಟ್ಟಲು ಹೆದರುವ ಇಪ್ಪತ್ತು ಮೂವತ್ತು ಕಡತಗಳನ್ನು ಆರಿಸಿ: ಅಡಿಟಿಪ್ಪಣಿಗಳು, ಒಳಗೊಂದು ಎಕ್ಸೆಲ್ ಕೋಷ್ಟಕ, ಬಹುಮಟ್ಟದ ಸಂಖ್ಯಾಪಟ್ಟಿ, ವಿಳಾಸಪಟ್ಟಿಗೆ ಜೋಡಿಸಿದ ಪತ್ರದ ಮಾದರಿ, ಐದು ಜನರ ತಿದ್ದುಪಡಿಗಳು ಇನ್ನೂ ಉಳಿದಿರುವ ಕರಡು. ಪ್ರತಿಯೊಂದನ್ನೂ ಹಳೆಯ ಆವೃತ್ತಿಯಲ್ಲೂ ಹೊಸದರಲ್ಲೂ ಪಿಡಿಎಫ್ ಮಾಡಿ ಪಕ್ಕಪಕ್ಕದಲ್ಲಿಟ್ಟು ನೋಡಿ. ಬಳಿಕ ಹೊಸದರಲ್ಲಿ ತಿದ್ದಿ, ಹಳೆಯದರಲ್ಲಿ ತೆರೆದು, ಮತ್ತೆ ತಿದ್ದಿ ಹೊಸದಕ್ಕೆ ತನ್ನಿ. ಈ ಹೋಗಿಬರುವ ಪರೀಕ್ಷೆಯಲ್ಲಿ ಉಳಿದುಕೊಂಡದ್ದನ್ನಷ್ಟೇ ಹೊಂದಾಣಿಕೆಯೆಂದು ಒಪ್ಪಿಕೊಳ್ಳಿ.

ಬದಲಿಸುವುದೆಂದು ತೀರ್ಮಾನವಾದ ಮೇಲೆ ಎರಡು ಆವೃತ್ತಿಗಳು ಒಂದೇ ಕಚೇರಿಯಲ್ಲಿ ಜೊತೆಗಿರುವ ಅವಧಿಯನ್ನು ಆದಷ್ಟು ಮೊಟಕುಗೊಳಿಸಬೇಕು. ಅಷ್ಟು ದಿನ ಹೊಸ ಆವೃತ್ತಿಗಳಲ್ಲೂ ಸಹಜವಾಗಿ ಸೇವ್ ಆಗುವ ಫಾರ್ಮ್ಯಾಟನ್ನು, ಹಿಂದುಳಿದ ಆವೃತ್ತಿಗೆ ಯಾವುದು ಸಲ್ಲುತ್ತದೆಯೋ ಅದಕ್ಕೇ ಹೊಂದಿಸಿಡಬೇಕು. ಇದನ್ನು ಒಬ್ಬೊಬ್ಬರ ನೆನಪಿಗೆ ಬಿಡದೆ ವ್ಯವಸ್ಥಾಪಕರೇ ಎಲ್ಲ ಕಂಪ್ಯೂಟರುಗಳಿಗೂ ಒಟ್ಟಿಗೆ ಜಾರಿಗೊಳಿಸಲು ಬರುತ್ತದೆ. ಹಳೆಯ ಕಡತಗಳ ಸಂಗ್ರಹವನ್ನು ಒಟ್ಟಾರೆ ಹೊಸ ಫಾರ್ಮ್ಯಾಟಿಗೆ ಪರಿವರ್ತಿಸಬೇಡಿ ಎಂದು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ. ಬೇಕಾದ ಕಡತವನ್ನು ಬೇಕಾದಾಗ, ಮೂಲ ಪ್ರತಿಯನ್ನು ಅಳಿಸದೆ ಪರಿವರ್ತಿಸಿಕೊಂಡರೆ ಸಾಕು. ತಿದ್ದುವ ಅಗತ್ಯವಿಲ್ಲದೆ ಓದಲಿಕ್ಕೆ ಮಾತ್ರ ಉಳಿಯಬೇಕಾದವುಗಳಿಗೆ 2005ರಲ್ಲಿ ಐಎಸ್‌ಒ 19005 ಆಗಿ ಬಂದ ಪಿಡಿಎಫ್/ಎ ಇದೆ. ಅದು ಫಾಂಟುಗಳನ್ನೂ ಕಡತದೊಳಗೇ ಇಟ್ಟುಕೊಳ್ಳುತ್ತದೆ.

ಉಪನ್ಯಾಸ ಮುಗಿದ ಮೇಲೆ ಒಬ್ಬರು ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸುತ್ತಿದ್ದೇನೆ. ‘ನಮ್ಮಿಂದ ಕಡತ ಪಡೆಯುವವರು ಹೊಸ ಆವೃತ್ತಿಗೆ ಹೋಗಿದ್ದಾರೆ, ಅವರ ಸಲುವಾಗಿ ನಾವೂ ಹೋಗಲೇಬೇಕೇ?’ ಎಂದು ಅವರು ಕೇಳಿದರು. ನಮ್ಮ ಕಡತವನ್ನು ಅವರು ಏನು ಮಾಡುತ್ತಾರೆಂದು ವಿಚಾರಿಸಿ ಎಂದೆ. ಓದುವುದಷ್ಟೇ ಆದರೆ ಪಿಡಿಎಫ್ ಸಾಕು, ನಮ್ಮ ಆವೃತ್ತಿ ಯಾವುದೆಂಬುದು ಅವರಿಗೆ ತಿಳಿಯುವುದೂ ಇಲ್ಲ. ತಿದ್ದಿ ಹಿಂದಿರುಗಿಸುವುದಾದರೆ ಎರಡೂ ಕಡೆಯವರು ಫಾರ್ಮ್ಯಾಟ್, ಫಾಂಟ್ ಎರಡನ್ನೂ ಮೊದಲೇ ಬರಹದಲ್ಲಿ ಒಪ್ಪಿಕೊಳ್ಳಬೇಕು. ಬೆಂಬಲ ಇನ್ನೂ ಉಳಿದಿರುವ ಆವೃತ್ತಿ ನಿಮ್ಮಲ್ಲಿದ್ದರೆ ಅದರಲ್ಲೇ ಇದು ಸಾಧ್ಯ. ಒಂದೇ ಕಡತದಲ್ಲಿ ಹಲವರು ಒಂದೇ ಹೊತ್ತಿಗೆ ಬರೆಯಬೇಕಾಗಿ ಬಂದರೆ ಮಾತ್ರ ಕಡತವನ್ನು ಅತ್ತಿಂದಿತ್ತ ಕಳುಹಿಸಿ ಸುಧಾರಿಸಲಾಗದು, ಆ ಸೌಲಭ್ಯವಿರುವ ಆವೃತ್ತಿ ಎಲ್ಲರಲ್ಲೂ ಬೇಕು. ತಮ್ಮ ಕಚೇರಿಯಲ್ಲಿ ಹಾಗೆ ಸೇರಿ ಬರೆಯುವವರು ಮೂವರು ಎಂದು ಪ್ರಶ್ನೆ ಕೇಳಿದವರು ಹೇಳಿದರು. ಹಾಗಿದ್ದರೆ ಆ ಮೂವರ ಕಂಪ್ಯೂಟರುಗಳಿಂದಲೇ ಆರಂಭಿಸಿ, ಉಳಿದವರ ಬಳಿಗೆ ಅವರ ಕಡತಗಳು ಎಷ್ಟು ಬಾರಿ ಬರುತ್ತವೆಯೆಂದು ಒಂದು ತಿಂಗಳು ಬರೆದಿಟ್ಟು ನೋಡಿ ಎಂದು ಹೇಳಿದೆ.